ಡ್ರೈವಿನೊಳಗಿನ ಕೀಲಿಕೈ

ಗೇಮ್ ಕನ್ಸೋಲಿನ ಹೊದಿಕೆಯನ್ನು ತೆಗೆದು ಒಳಗೆ ನೋಡಿದವರಿಗೆ ಡಿಸ್ಕ್ ಡ್ರೈವು ಮೊದಲ ನೋಟಕ್ಕೆ ಒಂದು ಜಡ ಯಂತ್ರಭಾಗವಾಗಿಯೇ ತೋರುತ್ತದೆ. ಡಿಸ್ಕನ್ನು ತಿರುಗಿಸುವ ಮೋಟಾರು, ಅದರ ಮೈಮೇಲೆ ಲೇಸರ್ ಕಿರಣವನ್ನು ಬೀರಿ ಪ್ರತಿಫಲನವನ್ನು ಗ್ರಹಿಸುವ ಮಸೂರ, ಆ ಮಸೂರವನ್ನು ಹಿಂದಕ್ಕೂ ಮುಂದಕ್ಕೂ ಜರುಗಿಸುವ ಹಳಿ, ಹೊರಚಾಚಿ ಒಳಸರಿಯುವ ಟ್ರೇ, ಇಷ್ಟೇ. ಆದರೆ ಆ ಲೋಹದ ಪೆಟ್ಟಿಗೆಯ ತಳಕ್ಕೆ ಅಂಟಿಕೊಂಡಿರುವ ಅಂಗೈಯಗಲದ ಹಸುರು ಬೋರ್ಡನ್ನು ಲಕ್ಷ್ಯವಿಟ್ಟು ಪರಿಶೀಲಿಸಿದರೆ, ತನ್ನದೇ ಆದ ಪ್ರೊಸೆಸರ್, ತನ್ನದೇ ಆದ ಮೆಮೊರಿ, ತನ್ನ ಕಾರ್ಯವನ್ನು ವಿಧಿಸುವ ತನ್ನದೇ ಆದ ಪ್ರೋಗ್ರಾಂ, ಇವಿಷ್ಟನ್ನೂ ಉಳ್ಳ ಮತ್ತೊಂದು ಸಂಪೂರ್ಣ ಗಣಕವೇ ಅಲ್ಲಿ ನೆಲಸಿರುವುದು ಗೋಚರವಾಗುತ್ತದೆ. ಆ ಪ್ರೋಗ್ರಾಮಿಗೆ ಫರ್ಮ್‌ವೇರ್ ಎಂದು ಹೆಸರು. ನಕಲಿ ಡಿಸ್ಕುಗಳನ್ನು ತಡೆಯುವ ಹೊಣೆಯನ್ನು ಕನ್ಸೋಲ್ ತಯಾರಕರು ಬಹುಕಾಲ ಹೊರಿಸಿದುದು ಈ ಫರ್ಮ್‌ವೇರಿನ ಮೇಲೆ. ಆ ಹೊಣೆಯನ್ನು ನಿರ್ವಹಿಸಲು ಬೇಕಾದ ಗೂಢಲಿಪಿಯ ಕೀಲಿಕೈಯನ್ನು ಅವರು ಕಾಲಕ್ರಮದಲ್ಲಿ ಬಚ್ಚಿಟ್ಟುದೂ ಅಲ್ಲಿಯೇ. ಹಾಗೆ ಬಚ್ಚಿಟ್ಟುದನ್ನು ಹೊರತೆಗೆಯುವ ವಿದ್ಯೆಯೊಂದು ಬೆಳೆದು ಬಂದುದೂ ಅಲ್ಲಿಂದಲೇ.

ಈ ವಿದ್ಯೆಯ ಚರಿತ್ರೆಯನ್ನು ಸಾಮಾನ್ಯವಾಗಿ ಕಳ್ಳರಿಗೂ ಕಾವಲುಗಾರರಿಗೂ ನಡೆದ ಸೆಣಸಾಟವೆಂಬಂತೆ ವರ್ಣಿಸುವುದು ರೂಢಿ. ಅದರಲ್ಲಿ ಸತ್ಯಾಂಶವಿಲ್ಲವೆಂದಲ್ಲ, ಲಕ್ಷಾಂತರ ನಕಲಿ ಆಟಗಳು ಇದರ ಬೆನ್ನಲ್ಲೇ ಹುಟ್ಟಿಕೊಂಡುವೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೂ ಕಾಲಾನುಕ್ರಮದಲ್ಲಿ ಇದರ ಘಟ್ಟಗಳನ್ನು ನೋಡುತ್ತ ಬಂದಂತೆ ಬೇರೊಂದು ಸಂಗತಿ ಸ್ಪಷ್ಟವಾಗುತ್ತದೆ. “ಈ ಡಿಸ್ಕು ಅಸಲಿಯೆ?” ಎಂಬ ಪ್ರಶ್ನೆಗೆ ಉತ್ತರ ಹೇಳಲು ನೇಮಕಗೊಂಡ ಡ್ರೈವು, ಹತ್ತು ಹನ್ನೆರಡು ವರ್ಷಗಳೊಳಗೆ “ನೀನು ಈ ಕನ್ಸೋಲಿನ ಡ್ರೈವೆಯೆ?” ಎಂಬ ಪ್ರಶ್ನೆಗೆ ತಾನೇ ಉತ್ತರ ಕೊಡಬೇಕಾದ ಸ್ಥಿತಿಗೆ ಬಂದಿತು. ಪರೀಕ್ಷಕನೇ ಪರೀಕ್ಷಾರ್ಥಿಯಾದ ಈ ಸ್ಥಿತ್ಯಂತರವೇ ಈ ಕ್ಷೇತ್ರದ ಇತಿಹಾಸದಲ್ಲಿ ನಿಜವಾಗಿ ಗಮನಾರ್ಹವಾದುದೆಂದು ನನ್ನ ಭಾವನೆ.

ಆದಿಯಲ್ಲಿ ಕೀಲಿಕೈಯೆಂಬುದೇ ಇರಲಿಲ್ಲ. ಇದ್ದುದು ಗುರುತು ಮಾತ್ರ. 1994ರ ಕೊನೆಯಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಸೋನಿಯ ಪ್ಲೇಸ್ಟೇಷನ್ ಕನ್ಸೋಲಿನ ಡಿಸ್ಕುಗಳಲ್ಲಿ, ದತ್ತಾಂಶವನ್ನು ಹೊತ್ತ ಸುರುಳಿಪಥವನ್ನು ಅದರ ಆದಿಭಾಗದಲ್ಲಿ ಬುದ್ಧಿಪೂರ್ವಕವಾಗಿ ಅತ್ತಿತ್ತ ಅತಿಸೂಕ್ಷ್ಮವಾಗಿ ಓಲಾಡಿಸಿ, ಆ ಓಲಾಟದಲ್ಲಿಯೇ ನಾಲ್ಕಕ್ಷರದ ಸಂಜ್ಞೆಯೊಂದನ್ನು ಅಡಗಿಸಲಾಗಿತ್ತು: ಜಪಾನಿಗೆ ಎಸ್‌ಸಿಇಐ, ಅಮೆರಿಕಕ್ಕೆ ಎಸ್‌ಸಿಇಎ, ಯೂರೋಪಿಗೆ ಎಸ್‌ಸಿಇಇ. ಬರೆಯಬಹುದಾದ ಖಾಲಿ ಸಿ.ಡಿ.ಗಳಲ್ಲಿ ಸುರುಳಿಪಥವು ಕಾರ್ಖಾನೆಯಲ್ಲಿಯೇ ಸಿದ್ಧಗೊಂಡಿರುವುದರಿಂದ, ಮನೆಯ ಗಣಕದಲ್ಲಿ ದತ್ತಾಂಶವನ್ನೆಲ್ಲ ನಕಲು ಮಾಡಿಕೊಂಡವನಿಗೂ ಈ ಓಲಾಟವನ್ನು ನಕಲು ಮಾಡುವುದು ಸಾಧ್ಯವಿರಲಿಲ್ಲ. ಉಪಾಯವು ಸರಳವೂ ಸುಂದರವೂ ಆಗಿತ್ತೆನ್ನಬೇಕು. ಆದರೆ ಡಿಸ್ಕಿನಿಂದ ಬರಬೇಕಾದ ಆ ನಾಲ್ಕಕ್ಷರವನ್ನು ಡ್ರೈವಿನ ತಂತಿಗೆ ನೇರವಾಗಿ ಊಡುವ ಅಗ್ಗದ ಚಿಪ್ಪೊಂದನ್ನು ಬೆಸುಗೆ ಹಾಕಿದರೆ ಪಹರೆಯೆಲ್ಲವೂ ನಿಷ್ಫಲವಾಗುತ್ತಿತ್ತು. ಜಗತ್ತಿನ ಅಂಗಡಿಬೀದಿಗಳಲ್ಲಿ “ಮಾಡ್ ಚಿಪ್” ಎಂಬ ಮಾತು ಹರಡಿದುದು ಈ ಕಾಲದಲ್ಲಿ.

ಇದಕ್ಕಿಂತ ಸ್ವಾರಸ್ಯವಾದ ಸಂಗತಿ ಬೆಳಕಿಗೆ ಬಂದುದು ಪ್ಲೇಸ್ಟೇಷನ್ ಅಂಗಡಿಗಳಿಂದ ಮರೆಯಾದ ಎಷ್ಟೋ ವರ್ಷಗಳ ಮೇಲೆ. ಅದರ ಡ್ರೈವನ್ನು ನಿಯಂತ್ರಿಸುವ, ಮೊಟೊರೊಲಾ ಸಂಸ್ಥೆಯ ಎಚ್‌ಸಿ05 ಜಾತಿಗೆ ಸೇರಿದ ಪುಟ್ಟ ಪ್ರೊಸೆಸರಿನೊಳಗಿನ ಪ್ರೋಗ್ರಾಮನ್ನು ಓದಿ ತೆಗೆದಾಗ, ಎಮ್ಯುಲೇಟರುಗಳ ಕರ್ತೃವಾದ ಮಾರ್ಟಿನ್ ಕೋರ್ತ್ ಅದರಲ್ಲಿ ಒಂದು ರಹಸ್ಯ ಆದೇಶಮಾಲೆಯನ್ನು ಕಂಡರು. ಸೋನಿ ಸಂಸ್ಥೆಯ ಪರವಾನಗಿವಾಕ್ಯವನ್ನೂ ಅದರ ಹೆಸರನ್ನೂ ತುಣುಕು ತುಣುಕಾಗಿ, ಒಂದಾದ ಮೇಲೊಂದರಂತೆ ಡ್ರೈವಿಗೆ ಕಳುಹಿಸಿದರೆ, ಡ್ರೈವು ಅಸಲಿ ನಕಲಿಗಳ ತಾರತಮ್ಯವನ್ನು ಬಿಟ್ಟು ಎಲ್ಲ ಡಿಸ್ಕುಗಳನ್ನೂ ಓದತೊಡಗುತ್ತಿತ್ತು. ಜಪಾನಿನ ಮಾದರಿಗಳಲ್ಲಿ ಮಾತ್ರ ಈ ಅನುಕೂಲವಿರಲಿಲ್ಲ. ಇಷ್ಟು ಜನ ಇಷ್ಟು ವರ್ಷ ಬೆಸುಗೆ ಹಾಕುತ್ತ ಕುಳಿತಿರುವಾಗ, ಬಾಗಿಲು ತೆರೆಯುವ ಮಂತ್ರ ಯಜಮಾನನ ನಾಮಸಂಕೀರ್ತನೆಯೇ ಆಗಿತ್ತೆಂಬುದನ್ನು ನೆನೆದರೆ ನಗೆ ಬಾರದಿರದು.

ಅದೇ 1994ರಲ್ಲಿ ಬಂದ ಸೆಗಾ ಸ್ಯಾಟರ್ನ್ ಕನ್ಸೋಲು ಡಿಸ್ಕಿನ ಹೊರ ಅಂಚಿನಲ್ಲಿ ಒಂದು ರಕ್ಷಾವಲಯವನ್ನು ಬಿಡಿಸಿ, ಅದನ್ನು ಪರಿಶೀಲಿಸುವ ಕಾರ್ಯವನ್ನು ಹಿಟಾಚಿಯ ಎಸ್‌ಎಚ್-1 ಪ್ರೊಸೆಸರಿಗೆ ವಹಿಸಿತು. ಆ ಪ್ರೊಸೆಸರಿನ ಪ್ರೋಗ್ರಾಮು ಚಿಪ್ಪಿನ ಒಡಲಿನಲ್ಲಿಯೇ ಅಚ್ಚಾಗಿದ್ದುದರಿಂದ ಅದನ್ನು ಹೊರಗಿನಿಂದ ಓದುವ ದಾರಿಯಿರಲಿಲ್ಲ. ಹೀಗಾಗಿ ತನ್ನ ಸಮಕಾಲೀನ ಯಂತ್ರಗಳೆಲ್ಲ ಗುಟ್ಟನ್ನು ಬಿಟ್ಟುಕೊಟ್ಟ ಮೇಲೂ ಸ್ಯಾಟರ್ನ್ ಎರಡು ದಶಕಗಳಷ್ಟು ಕಾಲ ಮೌನವಾಗಿಯೇ ಉಳಿಯಿತು. ಆ ಮೌನಭಂಗದ ಪ್ರಸಂಗವನ್ನು ಮುಂದೆ ಹೇಳುತ್ತೇನೆ.

ಗುರುತಿನ ಯುಗದಿಂದ ಕೀಲಿಕೈಯ ಯುಗಕ್ಕೆ ದಾಟಿಸಿದುದು ಡಿ.ವಿ.ಡಿ.ಯೇ. ಚಲನಚಿತ್ರಗಳ ರಕ್ಷಣೆಗಾಗಿ 1996ರಲ್ಲಿ ರೂಪುಗೊಂಡ ಸಿಎಸ್‌ಎಸ್ ಪದ್ಧತಿಯಲ್ಲಿ ಡ್ರೈವೂ ಅದನ್ನು ಬಳಸುವ ಗಣಕವೂ ಪರಸ್ಪರ ಪರಿಚಯವನ್ನು ದೃಢಪಡಿಸಿಕೊಂಡ ಬಳಿಕವೇ ಡಿಸ್ಕಿನ ಕೀಲಿಕೈ ಹೊರಬರತಕ್ಕದ್ದೆಂಬ ನಿಯಮವಿತ್ತು. ಕೇವಲ 40 ಬಿಟ್ಟುಗಳಷ್ಟು ಉದ್ದವಿದ್ದ ಆ ಕೀಲಿಕೈ 1999ರಲ್ಲಿ ಬಯಲಾಯಿತು. ಆ ಸಂಬಂಧವಾಗಿ ಮೊಕದ್ದಮೆ ಎದುರಿಸಿದ ನಾರ್ವೆಯ ತರುಣ ಜಾನ್ ಲೆಕ್ ಜೋಹಾನ್ಸೆನ್ 2003ರಲ್ಲಿ ಎರಡು ನ್ಯಾಯಾಲಯಗಳಿಂದಲೂ ನಿರ್ದೋಷಿಯೆಂದು ಬಿಡುಗಡೆ ಹೊಂದಿದನು. ಪದ್ಧತಿ ಸೋತರೂ ಅದರ ತತ್ತ್ವ ಉಳಿಯಿತು. ಡ್ರೈವೆಂಬುದು ದತ್ತಾಂಶವನ್ನು ಸುಮ್ಮನೆ ತಂದೊಪ್ಪಿಸುವ ಆಳಲ್ಲ, ರಹಸ್ಯದಲ್ಲಿ ಪಾಲುಳ್ಳ ಅಧಿಕಾರಿ ಎಂಬ ಕಲ್ಪನೆ ಅಂದಿನಿಂದ ಬೇರೂರಿತು.

2001ರಲ್ಲಿ ನಿಂಟೆಂಡೊ ತನ್ನ ಗೇಮ್‌ಕ್ಯೂಬಿಗೆ ಎಂಟು ಸೆಂಟಿಮೀಟರ್ ವ್ಯಾಸದ ಕಿರುಡಿಸ್ಕನ್ನು ಆರಿಸಿಕೊಂಡು, ಡ್ರೈವಿನ ನಿರ್ಮಾಣವನ್ನು ಮಾತ್ಸುಶಿತಾ ಸಂಸ್ಥೆಗೆ ಒಪ್ಪಿಸಿತು. ಡಿಸ್ಕಿನ ಒಳ ಅಂಚಿನಲ್ಲಿ ಲೇಸರಿನಿಂದ ಕೊರೆದ ಪಟ್ಟೆಗಳನ್ನು ಓದಿ ಅಸಲಿಯನ್ನು ನಿಶ್ಚಯಿಸುವ ಕಾರ್ಯ ಆ ಸಂಸ್ಥೆಯದೇ ಆದ ಎಂಎನ್102 ಜಾತಿಯ ಪ್ರೊಸೆಸರಿನದು. ಇಲ್ಲಿಯೂ ಕಾರ್ಖಾನೆಯ ಪರೀಕ್ಷಕರ ಅನುಕೂಲಕ್ಕೆಂದು ಹಿಂಬಾಗಿಲೊಂದನ್ನು ಇಟ್ಟಿದ್ದರು: ತಯಾರಕ ಸಂಸ್ಥೆಯ ಹೆಸರಿನ ಹ್ರಸ್ವರೂಪವಾದ “ಮಾತ್‌ಶಿತಾ” ಎಂಬುದು ಒಂದು ಸಂಕೇತ, “ಡಿವಿಡಿ-ಗೇಮ್” ಎಂಬುದು ಇನ್ನೊಂದು. ಇವೆರಡನ್ನೂ ಕ್ರಮವಾಗಿ ಕೇಳಿದ ಡ್ರೈವು ತನ್ನ ಮೆಮೊರಿಯನ್ನು ಓದಲೂ ತಿದ್ದಲೂ ಅನುಮತಿ ಕೊಡುತ್ತಿತ್ತು. ಗೂಢಲಿಪಿಯ ಬಲವು ಕೀಲಿಕೈಯ ಗೋಪ್ಯದಲ್ಲಿರಬೇಕೇ ಹೊರತು ಪದ್ಧತಿಯ ಗೋಪ್ಯದಲ್ಲಿ ಅಲ್ಲವೆಂದು ಗೂಢಲಿಪಿಶಾಸ್ತ್ರಜ್ಞ ಕರ್ಕ್‌ಹಾಫ್ಸ್ 1883ರಲ್ಲಿಯೇ ಬರೆದಿಟ್ಟಿದ್ದನಷ್ಟೆ. ಆ ಉಪದೇಶ ಕಳೆದು ನೂರಹದಿನೆಂಟು ವರ್ಷಗಳಾದರೂ ಡ್ರೈವುಗಳ ಕಾರ್ಖಾನೆಯನ್ನು ತಲಪಿರಲಿಲ್ಲವೆಂದು ತೋರುತ್ತದೆ.

ಮೈಕ್ರೋಸಾಫ್ಟ್ ಸಂಸ್ಥೆಯ ಮೊದಲ ಎಕ್ಸ್‌ಬಾಕ್ಸಿನಲ್ಲಿ ಪೆಟ್ಟು ಬಿದ್ದುದು ಡ್ರೈವಿಗಲ್ಲ. ಆಗ ಎಂಐಟಿಯಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ ಆಂಡ್ರ್ಯೂ ಹುವಾಂಗ್ 2002ರಲ್ಲಿ ಮದರ್‌ಬೋರ್ಡಿನ ಎರಡು ಚಿಪ್ಪುಗಳ ನಡುವೆ ಅತಿವೇಗದಲ್ಲಿ ಹರಿಯುವ ಸಂಕೇತಗಳನ್ನು ತಾನೇ ನಿರ್ಮಿಸಿದ ಉಪಕರಣದಿಂದ ಹಿಡಿದು, 512 ಬೈಟುಗಳ ರಹಸ್ಯ ಪ್ರೋಗ್ರಾಮನ್ನೂ ಅದರೊಳಗಿನ ಕೀಲಿಕೈಯನ್ನೂ ಹೊರತಂದನು. ಈ ಪರಾಭವದಿಂದ ಮೈಕ್ರೋಸಾಫ್ಟ್ ಕಲಿತ ಪಾಠ ದೊಡ್ಡದು. ಆದರೆ ಅದು ಅರ್ಧಪಾಠವಾಯಿತು. 2005ರ ನವೆಂಬರಿನಲ್ಲಿ ಹೊರಬಂದ ಎಕ್ಸ್‌ಬಾಕ್ಸ್ 360ರ ವೃತ್ತಾಂತವನ್ನು ಸಾವಧಾನವಾಗಿ ನೋಡಬೇಕಾದುದು ಇದೇ ಕಾರಣದಿಂದ. ಈ ಸಮೀಕ್ಷೆಯ ಹೃದಯಭಾಗವೂ ಅದೇ.

ಆ ಕನ್ಸೋಲಿನ ಮುಖ್ಯ ಪ್ರೊಸೆಸರನ್ನು ಕಟ್ಟಿದವರು ಅದರ ರಕ್ಷಣೆಯ ವಿಷಯದಲ್ಲಿ ಯಾವ ಲೋಪವನ್ನೂ ಸಹಿಸಲಿಲ್ಲ. ಗುಟ್ಟುಗಳು ಚಿಪ್ಪಿನಿಂದ ಹೊರಗೆ ಸುಳಿಯದಂತೆ ಒಳಗಿನ ಫ್ಯೂಸುಗಳಲ್ಲಿ ಕೀಲಿಕೈಯನ್ನು ಸುಟ್ಟು ಬರೆದರು. ಮೆಮೊರಿಗೆ ಹೋಗುವ ಮುಖ್ಯ ದತ್ತಾಂಶವನ್ನು ಹೋಗುವಾಗಲೇ ಗೂಢಲಿಪಿಗೆ ತಿರುಗಿಸಿದರು. ತಮ್ಮ ಹಸ್ತಾಕ್ಷರವಿಲ್ಲದ ಒಂದು ಪ್ರೋಗ್ರಾಮೂ ಚಲಿಸದಂತೆ ಎಲ್ಲಕ್ಕೂ ಮೇಲೆ ಹೈಪರ್‌ವೈಸರ್ ಎಂಬ ಮೇಲ್ವಿಚಾರಕನನ್ನು ಕೂರಿಸಿದರು. ಇಂಥ ದುರ್ಗಕ್ಕೆ ಡಿಸ್ಕ್ ಡ್ರೈವನ್ನು ಮಾತ್ರ ಹೊರಗಿನ ಸಂಸ್ಥೆಗಳಿಂದ, ಮೊದಲು ಹಿಟಾಚಿ-ಎಲ್‌ಜಿ ಮತ್ತು ತೋಷಿಬಾ-ಸ್ಯಾಮ್‌ಸಂಗ್‌ಗಳಿಂದ, ಬಳಿಕ ಬೆನ್‌ಕ್ಯೂ ಮತ್ತು ಲೈಟ್-ಆನ್‌ಗಳಿಂದ, ಸಾಧಾರಣ ಗಣಕಗಳ ಡ್ರೈವಿಗೆ ಅಲ್ಪಸ್ವಲ್ಪ ಮಾರ್ಪಾಟು ಮಾಡಿಸಿ ತರಿಸಿಕೊಂಡರು. ಅದನ್ನು ಮದರ್‌ಬೋರ್ಡಿಗೆ ಜೋಡಿಸುವ ಕೇಬಲ್ಲು ಯಾವ ಗಣಕದಲ್ಲಿಯೂ ಸಿಗುವ ಸಾಟಾ ಕೇಬಲ್ಲಾಗಿತ್ತು. ಡ್ರೈವನ್ನು ಬಿಚ್ಚಿ ಮೇಜಿನ ಮೇಲಿನ ಗಣಕಕ್ಕೆ ಸಿಕ್ಕಿಸಿ ಅದರೊಡನೆ ಮಾತುಕತೆಗೆ ತೊಡಗಲು ಯಾರಿಗೂ ಅಡ್ಡಿಯಿರಲಿಲ್ಲ.

ಈ ಡ್ರೈವಿನ ಫರ್ಮ್‌ವೇರಿನೊಳಗೆ, ಪ್ರತಿಯೊಂದು ಕನ್ಸೋಲಿಗೂ ಬೇರೆಬೇರೆಯಾಗಿ, 16 ಬೈಟುಗಳ ಒಂದು ಕೀಲಿಕೈಯಿತ್ತು. ಅದೇ ಕೀಲಿಕೈಯ ಪ್ರತಿ ಮದರ್‌ಬೋರ್ಡಿನ ಮೆಮೊರಿಯಲ್ಲಿರುವ “ಕೀ ವಾಲ್ಟ್” ಎಂಬ ಗುಪ್ತಕೋಶದಲ್ಲಿಯೂ ಇತ್ತು. ಆಟ ಆರಂಭವಾಗುವ ಮುನ್ನ ಕನ್ಸೋಲು ಆ ಕೀಲಿಕೈಯ ಆಧಾರದಿಂದ ಡ್ರೈವಿಗೆ ಪ್ರಶ್ನೆಗಳನ್ನು ಕಳುಹಿಸುವುದು, ಡಿಸ್ಕಿನ ರಕ್ಷಾವಿಭಾಗದಲ್ಲಿ ಬರೆದಿರುವ ಲಕ್ಷಣಗಳನ್ನು ಡ್ರೈವು ಡಿಸ್ಕಿನ ಭೌತಿಕ ಸ್ವರೂಪದಲ್ಲಿ ಕಂಡು ಉತ್ತರಿಸುವುದು, ಎಲ್ಲ ಉತ್ತರಗಳೂ ಸರಿಯಾದರೆ ಡಿಸ್ಕು ಅಸಲಿಯೆಂದು ಒಪ್ಪುವುದು, ಇದು ಕ್ರಮ. ಕ್ರಮದಲ್ಲಿ ದೋಷವಿರಲಿಲ್ಲ. ದೋಷವಿದ್ದುದು ಉತ್ತರಿಸುವವನ ಪ್ರಾಮಾಣಿಕತೆಯನ್ನು ಪರೀಕ್ಷಿಸದೆ ನಂಬಿದುದರಲ್ಲಿ. ಫರ್ಮ್‌ವೇರನ್ನು ತಿದ್ದಿ, ಡಿಸ್ಕಿನಲ್ಲಿ ಕಾಣದುದನ್ನೂ ಕಂಡೆನೆಂದು ಹೇಳುವಂತೆ ಡ್ರೈವಿಗೆ ಕಲಿಸಿಕೊಟ್ಟರೆ, ಒಳಗಿನ ದುರ್ಗಕ್ಕೆ ಆ ಸುಳ್ಳನ್ನು ಪತ್ತೆಹಚ್ಚುವ ಸಾಧನವೇ ಇರಲಿಲ್ಲ.

2006ರ ವಸಂತದಲ್ಲಿ, ಅಂದರೆ ಕನ್ಸೋಲು ಬಂದು ಆರು ತಿಂಗಳು ತುಂಬುವ ಹೊತ್ತಿಗೆ, ತಿದ್ದಿದ ಫರ್ಮ್‌ವೇರುಗಳು ಹಿಟಾಚಿ ಮತ್ತು ಸ್ಯಾಮ್‌ಸಂಗ್ ಡ್ರೈವುಗಳೆರಡಕ್ಕೂ ಸಿದ್ಧವಾದುವು. ಹಿಟಾಚಿಯ ಡ್ರೈವಿನಲ್ಲಿದ್ದುದು ಮಾತ್ಸುಶಿತಾ ವಂಶದ ಎಂಎನ್103 ಪ್ರೊಸೆಸರ್. ಸ್ಯಾಮ್‌ಸಂಗಿನದರಲ್ಲಿ ಮೀಡಿಯಾಟೆಕ್ ಸಂಸ್ಥೆಯ ಚಿಪ್ಪಿನೊಳಗೆ 1980ರಷ್ಟು ಹಳೆಯದಾದ 8051 ವಿನ್ಯಾಸದ ಪ್ರೊಸೆಸರ್. ಗೇಮ್‌ಕ್ಯೂಬಿನ ಕಾಲದಿಂದಲೂ ಈ ಕುಟುಂಬಗಳ ಆದೇಶಭಾಷೆಯನ್ನು ಅಭ್ಯಾಸ ಮಾಡಿದ್ದವರಿಗೆ ಇವು ಹೊಸ ದೇಶವಾಗಿರಲಿಲ್ಲ. ಕೀಲಿಕೈಯೂ ಆ ಫರ್ಮ್‌ವೇರಿನ ನಡುವೆಯೇ ಯಾವ ಮುಸುಕೂ ಇಲ್ಲದೆ ಕುಳಿತಿತ್ತು. ಅದನ್ನು ಕಂಡುಹಿಡಿಯುವುದಕ್ಕೆ ಗಣಿತದ ಪಾಂಡಿತ್ಯ ಬೇಕಾಗಲಿಲ್ಲ. ಎಲ್ಲಿದೆಯೆಂದು ತಿಳಿದರೆ ಸಾಕಾಗಿತ್ತು. 128 ಬಿಟ್ಟುಗಳ ಎಇಎಸ್ ಗೂಢಲಿಪಿಯನ್ನು ಭೇದಿಸುವುದು ಅಂದಿಗೂ ಇಂದಿಗೂ ಮನುಷ್ಯಪ್ರಯತ್ನಕ್ಕೆ ಮೀರಿದುದು. ಈ ಇಡೀ ಚರಿತ್ರೆಯಲ್ಲಿ ಯಾರೂ ಅದನ್ನು ಭೇದಿಸಿದುದಿಲ್ಲವೆಂಬುದನ್ನು ಸಾಮಾನ್ಯ ಓದುಗರು ಮರೆಯುವುದುಂಟಾದುದರಿಂದ ಇಲ್ಲಿ ಒತ್ತಿ ಹೇಳುತ್ತಿದ್ದೇನೆ.

ತಿದ್ದಿದ ಫರ್ಮ್‌ವೇರಿಗೆ ಕೀಲಿಕೈಯಾದರೂ ಏತಕ್ಕೆ ಬೇಕು ಎಂಬ ಪ್ರಶ್ನೆ ಸಹಜ. ಹೊಸ ಫರ್ಮ್‌ವೇರನ್ನು ಬರೆಯುವಾಗ ಹಳೆಯದು ಅಳಿಯುತ್ತದೆ. ಹಳೆಯದರೊಡನೆ ಕೀಲಿಕೈಯೂ ಅಳಿಯುತ್ತದೆ. ಕೀಲಿಕೈಯಿಲ್ಲದ ಡ್ರೈವನ್ನು ಮದರ್‌ಬೋರ್ಡು ತನ್ನದೆಂದು ಒಪ್ಪುವುದಿಲ್ಲ. ಆದ್ದರಿಂದ ಮೊದಲು ಕೀಲಿಕೈಯನ್ನು ಓದಿ ಪ್ರತಿಯಿಟ್ಟುಕೊಂಡು ಆಮೇಲೆ ಮಿಕ್ಕ ಕೆಲಸಕ್ಕೆ ಕೈಹಚ್ಚಬೇಕೆಂಬುದು ಈ ವೃತ್ತಿಯ ಪ್ರಥಮ ಸೂತ್ರವಾಯಿತು. ಆತುರದಲ್ಲಿ ಈ ಸೂತ್ರವನ್ನು ಕಡೆಗಣಿಸಿದವರ ಕನ್ಸೋಲುಗಳು ಡಿಸ್ಕನ್ನೋದುವ ಶಕ್ತಿಯನ್ನು ಕಳೆದುಕೊಂಡುವು.

ಇದೇ ಸೂತ್ರಕ್ಕೆ ಬೇರೊಂದು ಮುಖವೂ ಉಂಟು. ಡ್ರೈವಿನ ಲೇಸರು ಸವೆದುಹೋದರೆ, ಮೋಟಾರು ಕೆಟ್ಟರೆ, ಮಾಲಿಕನು ಬೇರೊಂದು ಕನ್ಸೋಲಿನ ಸುಸ್ಥಿತಿಯಲ್ಲಿರುವ ಡ್ರೈವನ್ನು ತಂದು ಹಾಕಿಕೊಳ್ಳುವಂತಿರಲಿಲ್ಲ. ಹಳೆಯ ಡ್ರೈವಿನ ಕೀಲಿಕೈ ಹೊಸದಕ್ಕೆ ಬಾರದೆ ಆ ಜೋಡಣೆ ಫಲಿಸದು. ರಿಪೇರಿಯವರಿಗೆ ಈ ವಿದ್ಯೆ ಅನಿವಾರ್ಯವಾದುದು ಹೀಗೆ. ಬೆನ್‌ಕ್ಯೂ ಡ್ರೈವಿನ ಕೀಲಿಕೈಯನ್ನು ಹಿಟಾಚಿ ಡ್ರೈವಿಗೆ ಸಾಗಿಸುವುದು, ಒಂದು ಸಂಸ್ಥೆಯ ಡ್ರೈವನ್ನು ಇನ್ನೊಂದರಂತೆ ಮಾತನಾಡಿಸುವುದು, ಇವೆಲ್ಲ ನಕಲಿ ಆಟದ ಹಂಬಲವಿಲ್ಲದವರಿಗೂ ಬೇಕಾದ ಕೌಶಲಗಳಾದುವು. ಈ ವಿದ್ಯೆಯ ಎರಡು ಬಳಕೆಗಳಲ್ಲಿ ಯಾವುದು ದೊಡ್ಡದಾಗಿತ್ತೆಂದು ಕೇಳಿದರೆ ನಕಲಿನದೇ ಎಂದು ಒಪ್ಪಬೇಕಾದೀತು. ಯಾವುದು ನ್ಯಾಯವಾಗಿತ್ತೆಂದು ಕೇಳಿದರೆ ಉತ್ತರ ಅಷ್ಟೇ ಸ್ಪಷ್ಟ.

ಮೈಕ್ರೋಸಾಫ್ಟ್ ಕೈಕಟ್ಟಿ ಕುಳಿತಿರಲಿಲ್ಲ. ಅಂತರ್ಜಾಲದಲ್ಲಿ ಆಡುವವರ ಡ್ರೈವುಗಳ ನಡತೆಯನ್ನು ಗಮನಿಸಿ 2007ರಲ್ಲಿಯೂ 2009ರಲ್ಲಿಯೂ ತಿದ್ದಿದ ಯಂತ್ರಗಳನ್ನು ತನ್ನ ಲೈವ್ ಸೇವೆಯಿಂದ ಗುಂಪುಗುಂಪಾಗಿ ಹೊರಹಾಕಿತು. ಅದಕ್ಕಿಂತ ಮುಖ್ಯವಾಗಿ, 2008ರಲ್ಲಿ ಬಂದ ಲೈಟ್-ಆನ್ ಡ್ರೈವು ತನ್ನ ಫರ್ಮ್‌ವೇರನ್ನು ಹೊರಗಿನವರಿಗೆ ಓದಗೊಡದಂತೆ ರೂಪಿತವಾಗಿತ್ತು. ಆಗ ಗೆರೆಮಿಯಾ ಎಂಬ ಗುಪ್ತನಾಮದ ಸಂಶೋಧಕನು ತೋರಿಸಿದ ಮಾರ್ಗ ವಿಚಿತ್ರವಾದುದು: ಡ್ರೈವಿನ ಟ್ರೇಯನ್ನು ಪೂರ್ತಿ ತೆರೆಯದೆ ಪೂರ್ತಿ ಮುಚ್ಚದೆ ಅರ್ಧಕ್ಕೆ ನಿಲ್ಲಿಸಿ ವಿದ್ಯುತ್ತನ್ನು ಹಾಯಿಸಿದರೆ, ಕಾರ್ಖಾನೆಯವರ ಪರೀಕ್ಷೆಗೆಂದಿದ್ದ ಸೀರಿಯಲ್ ತಂತಿಯ ಮೂಲಕ ಡ್ರೈವು ತನ್ನ ಕೀಲಿಕೈಯನ್ನು ಹೊರಗೆಡಹುತ್ತಿತ್ತು. ಮುಂದಿನ ಆವೃತ್ತಿಗಳಲ್ಲಿ ಆ ತಂತಿ ಮೂಕವಾಯಿತು. ಅದಕ್ಕೂ ಬೇರೆ ಉಪಾಯ ಬಂದಿತು. 2010ರ ಕೃಶಕಾಯದ ಹೊಸ ಮಾದರಿಯಲ್ಲಿ ಚಿಪ್ಪಿನೊಳಗಿನ ಮೆಮೊರಿಗೆ ಬರೆಹನಿರ್ಬಂಧವನ್ನು ಹಾಕಿದಾಗ, ಚಿಪ್ಪಿನ ಮೈಯಲ್ಲಿ ನಿಶ್ಚಿತವಾದೊಂದು ಸ್ಥಾನದಲ್ಲಿ ಡ್ರಿಲ್ಲಿನಿಂದ ರಂಧ್ರ ಕೊರೆದು ಒಳಗಿನ ಎಳೆಯೊಂದನ್ನು ಕಡಿಯುವ ಪದ್ಧತಿ ಬಳಕೆಗೆ ಬಂದಿತು. ಅದಕ್ಕೆ “ಕಾಮಿಕಾಜೆ” ಎಂದು ಹೆಸರಿಟ್ಟವರು ಫಲಾಫಲಗಳ ಬಗ್ಗೆ ಭ್ರಮೆಯಿಲ್ಲದವರೆಂದೇ ಹೇಳಬೇಕು. ಕೂದಲೆಳೆಯಷ್ಟು ಕೈ ತಪ್ಪಿದರೆ ಡ್ರೈವಿಗೆ ಪುನರ್ಜನ್ಮವಿರಲಿಲ್ಲ.

ಇಷ್ಟಾದರೂ ಡ್ರೈವನ್ನು ವಶಪಡಿಸಿಕೊಂಡವನಿಗೆ ದಕ್ಕುತ್ತಿದ್ದುದು ಅಸಲಿ ಆಟದ ನಕಲನ್ನು ಆಡುವ ಅವಕಾಶ ಮಾತ್ರ. ತಾನೇ ಬರೆದ ಪ್ರೋಗ್ರಾಮನ್ನು ನಡೆಸುವ ಸ್ವಾತಂತ್ರ್ಯವಲ್ಲ. ಹಸ್ತಾಕ್ಷರದ ಪರೀಕ್ಷೆ ಡ್ರೈವಿನಾಚೆಗೆ ಅಬಾಧಿತವಾಗಿಯೇ ಇತ್ತು. ಆದರೆ ಒಂದು ಕೋಟೆಗೋಡೆಯ ಬಿರುಕು ಇನ್ನೊಂದಕ್ಕೆ ಹಬ್ಬಿದ ಬಗೆಯನ್ನು ಗಮನಿಸಬೇಕು. “ಕಿಂಗ್ ಕಾಂಗ್” ಎಂಬ ಆಟದಲ್ಲಿ ಚಿತ್ರಗಳನ್ನು ಬಣ್ಣಗೊಳಿಸುವ ಷೇಡರ್ ಕಡತಗಳಿಗೆ ಹಸ್ತಾಕ್ಷರದ ರಕ್ಷಣೆಯಿರಲಿಲ್ಲ. ಆ ಕಡತವನ್ನು ತಿದ್ದಿದ ಡಿಸ್ಕನ್ನು, ಅಸಲಿಯೆಂದು ಸುಳ್ಳುಹೇಳಬಲ್ಲ ಡ್ರೈವಿಗೆ ಹಾಕಿ, ಹೈಪರ್‌ವೈಸರಿನ ಒಂದು ತಪ್ಪಿನೊಡನೆ ಬೆಸೆದುದರ ಫಲವಾಗಿ ಮುಖ್ಯ ಪ್ರೊಸೆಸರೇ ಶರಣಾಯಿತು. 2006ರ ಡಿಸೆಂಬರಿನಲ್ಲಿ ಬರ್ಲಿನ್ನಿನ ಸಮ್ಮೇಳನವೊಂದರಲ್ಲಿ ಇದರ ಮೊದಲ ಪ್ರದರ್ಶನ ನಡೆಯಿತು. ಮುಂದೆ 2009ರಲ್ಲಿಯೂ 2011ರಲ್ಲಿಯೂ ಬಂದ ಬೇರೆ ಉಪಾಯಗಳಿಂದ ಪ್ರೊಸೆಸರಿನ ಕೀಲಿಕೈ ಕೈವಶವಾದ ಮೇಲಂತೂ, ಡ್ರೈವನ್ನು ಮುಟ್ಟದೆಯೇ ಮದರ್‌ಬೋರ್ಡಿನ ಗುಪ್ತಕೋಶವನ್ನು ಬಿಡಿಸಿ ಅದೇ 16 ಬೈಟುಗಳನ್ನು ಓದಿಕೊಳ್ಳುವುದು ಸಾಧ್ಯವಾಯಿತು. ಡ್ರೈವು ಸುಟ್ಟುಹೋಗಿ ಕೀಲಿಕೈ ಕಳೆದುಕೊಂಡಿದ್ದ ಎಷ್ಟೋ ಯಂತ್ರಗಳು ಈ ದಾರಿಯಿಂದ ಮರಳಿ ಬದುಕಿದುವು.

ಇದೇ ಕನ್ಸೋಲಿನ ಉಪಾಂಗವೊಂದರ ಕಥೆ ಚಲನಚಿತ್ರಲೋಕಕ್ಕೂ ತಾಗಿತು. 2006ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಎಚ್‌ಡಿ ಡಿವಿಡಿ ಓದುವ ಪ್ರತ್ಯೇಕ ಡ್ರೈವೊಂದನ್ನು 199 ಡಾಲರುಗಳಿಗೆ ಮಾರಾಟಕ್ಕಿಟ್ಟಿತು. ಯು.ಎಸ್.ಬಿ. ಕೇಬಲ್ಲಿನಿಂದ ಅದನ್ನು ಸಾಮಾನ್ಯ ಗಣಕಕ್ಕೂ ಜೋಡಿಸಬಹುದಾಗಿತ್ತು. ಆ ಡಿಸ್ಕುಗಳನ್ನು ರಕ್ಷಿಸುವ ಎಎಸಿಎಸ್ ಪದ್ಧತಿಯಲ್ಲಿ, ಡಿಸ್ಕಿನ “ವಾಲ್ಯೂಮ್ ಐಡಿ” ಎಂಬ ಗುಪ್ತಸಂಖ್ಯೆಯನ್ನು ಡ್ರೈವು ಹೊರಗೆ ಕೊಡಬೇಕಾದರೆ ಕೇಳುವ ಪ್ರೋಗ್ರಾಮು ತನ್ನ ಪ್ರಮಾಣಪತ್ರವನ್ನು ತೋರಿಸತಕ್ಕದ್ದು. ಪತ್ರ ಕಳುವಾಯಿತೆಂದು ತಿಳಿದರೆ ಮುಂದಿನ ಡಿಸ್ಕುಗಳ ಮೂಲಕವೇ ಅದರ ರದ್ದತಿಯ ಆಜ್ಞೆ ಡ್ರೈವಿಗೆ ತಲಪುವುದು. ವ್ಯವಸ್ಥೆ ಚತುರವಾದುದೇ. ಆದರೆ 2007ರ ಏಪ್ರಿಲಿನಲ್ಲಿ ಅದೇ ಗೆರೆಮಿಯಾ ಮತ್ತು ಆರ್ನೆಜಾಮಿ ಎಂಬ ಮತ್ತೊಬ್ಬ ಗುಪ್ತನಾಮಧಾರಿಯು ಆ ಡ್ರೈವಿನ ಫರ್ಮ್‌ವೇರನ್ನು ತಿದ್ದಿ, ಯಾವ ಪ್ರಮಾಣಪತ್ರವನ್ನೂ ಕೇಳದೆ ಗುಪ್ತಸಂಖ್ಯೆಯನ್ನು ಕೊಡುವಂತೆ ಮಾಡಿದರು. ಪತ್ರವನ್ನೇ ಕೇಳದ ದ್ವಾರಪಾಲಕನಿಗೆ ರದ್ದಾದ ಪತ್ರಗಳ ಪಟ್ಟಿಯನ್ನು ಕಳುಹಿಸಿ ಪ್ರಯೋಜನವೇನು? ಆ ವೇಳೆಗಾಗಲೇ ಪದ್ಧತಿಯ ಇತರ ಕೀಲಿಕೈಗಳು ಗಣಕದ ಚಿತ್ರವೀಕ್ಷಣೆಯ ಪ್ರೋಗ್ರಾಮುಗಳಿಂದ ಸೋರಿದ್ದುವಾದ್ದರಿಂದ ಎರಡೂ ಕೂಡಿ ಬೀಗ ತೆರೆಯಿತು. ಮುಂದಿನ ಫೆಬ್ರವರಿಯಲ್ಲಿ ತೋಷಿಬಾ ಎಚ್‌ಡಿ ಡಿವಿಡಿಯನ್ನೇ ಕೈಬಿಟ್ಟಿತು. ಅದಕ್ಕೆ ಕಾರಣ ಮಾರುಕಟ್ಟೆಯ ಸೋಲೇ ಹೊರತು ಈ ಪ್ರಕರಣವಲ್ಲ.

ನಿಂಟೆಂಡೊ ವೀ ಕನ್ಸೋಲಿನ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ಅದರ ಡ್ರೈವು ಗೇಮ್‌ಕ್ಯೂಬಿನ ಡ್ರೈವಿನ ಸಂತತಿಯೇ ಆದುದರಿಂದ ಮಾಡ್ ಚಿಪ್ಪುಗಳು ಬಹುಬೇಗ ಬಂದುವು. ಡಿಸ್ಕಿನ ದತ್ತಾಂಶವನ್ನು ಬಿಡಿಸುವ ಸಾಮಾನ್ಯ ಕೀಲಿಕೈ ಮಾತ್ರ ಡ್ರೈವಿನಲ್ಲಿರಲಿಲ್ಲ, ಮುಖ್ಯ ಚಿಪ್ಪಿನಲ್ಲಿತ್ತು. ಅದನ್ನು 2007ರಲ್ಲಿ ಹೊರತಂದವರು, ಕನ್ಸೋಲು ಗೇಮ್‌ಕ್ಯೂಬಿನಂತೆ ನಡೆಯುತ್ತಿರುವಾಗ ಮೆಮೊರಿಯ ವಿಳಾಸತಂತಿಗಳನ್ನು ಚಿಮಟದಿಂದ ಒಂದಕ್ಕೊಂದು ತಾಗಿಸಿ, ಕಾಣಬಾರದ ಭಾಗವನ್ನು ಕಂಡುಕೊಂಡರು. ಕೋಟ್ಯಂತರ ವೆಚ್ಚದ ರಕ್ಷಣೆಯನ್ನು ಚಿಮಟ ಗೆದ್ದಿತೆಂಬ ಹೆಮ್ಮೆಯಿಂದಲೋ ಏನೋ, ಆ ತಂಡ ಅದೇ ಹೆಸರನ್ನು ಸ್ವಲ್ಪ ತಿರುಚಿ ತನಗಿಟ್ಟುಕೊಂಡಿತು.

ಸೋನಿಯ ಮಾರ್ಗ ಬೇರೆ. ಪ್ಲೇಸ್ಟೇಷನ್ 2ರಲ್ಲಿ ಡ್ರೈವಿನ ಯಂತ್ರಭಾಗಗಳನ್ನು ನಡೆಸುವ ಮೆಕಾಕಾನ್ ಎಂಬ ಚಿಪ್ಪಿಗೇ ಮೆಮೊರಿ ಕಾರ್ಡುಗಳ ಗೂಢಲಿಪಿಯ ಅಧಿಕಾರವನ್ನೂ ವಹಿಸಿದ್ದರು. ಅದರ ಒಳಹೊಕ್ಕು ತಿದ್ದುವ ಸಾಧನ ಸಾರ್ವಜನಿಕವಾದುದು 2021ರಲ್ಲಿ, ಕನ್ಸೋಲು ಹುಟ್ಟಿ ಇಪ್ಪತ್ತೊಂದು ವರ್ಷಗಳಾದ ಮೇಲೆ. 2006ರ ಪ್ಲೇಸ್ಟೇಷನ್ 3ರಲ್ಲಿ ಪ್ರತಿಯೊಂದು ಬ್ಲೂ-ರೇ ಡ್ರೈವನ್ನೂ ಅದರ ಮದರ್‌ಬೋರ್ಡಿಗೆ ಗೂಢಲಿಪಿಯಿಂದ ಬೆಸೆದು, ಡಿಸ್ಕುಗಳ ಮೇಲಿನ ದತ್ತಾಂಶವನ್ನು ಆಯಾ ಡಿಸ್ಕಿನದೇ ಕೀಲಿಕೈಯಿಂದ ಮರೆಮಾಡಿದರು. ನಾಲ್ಕು ವರ್ಷ ದೃಢವಾಗಿ ನಿಂತ ಈ ವ್ಯವಸ್ಥೆ ಕುಸಿದುದು ಡ್ರೈವಿನ ಕಡೆಯಿಂದಲ್ಲ. ಹಸ್ತಾಕ್ಷರ ಮಾಡುವಾಗ ಪ್ರತಿಸಲವೂ ಬದಲಾಗಬೇಕಾದ ಯಾದೃಚ್ಛಿಕ ಸಂಖ್ಯೆಯನ್ನು ಸೋನಿ ಬದಲಾಯಿಸಿರಲಿಲ್ಲವೆಂಬುದನ್ನು 2010ರ ಡಿಸೆಂಬರಿನಲ್ಲಿ ಫೇಲ್‌ಓವರ್‌ಫ್ಲೋ ತಂಡ ತೋರಿಸಿಕೊಟ್ಟಿತು. ಆಮೇಲಿನ ವರ್ಷಗಳಲ್ಲಿ ಕನ್ಸೋಲಿನ ಮೂಲ ಕೀಲಿಕೈ ಹೊರಬಂದು, ಅದರಿಂದ ಡ್ರೈವಿನ ಕೀಲಿಕೈಗಳನ್ನು ಹೊರಡಿಸಿಕೊಳ್ಳಲು ಸಾಧ್ಯವಾಗಿ, 2013ರ ಹೊತ್ತಿಗೆ ಡ್ರೈವಿನಂತೆಯೇ ನಟಿಸುವ ಉಪಕರಣಗಳೂ, ಕೆಟ್ಟ ಡ್ರೈವಿನ ಜಾಗದಲ್ಲಿ ಬೇರೊಂದನ್ನು ಕನ್ಸೋಲಿಗೆ ಮರುಜೋಡಿಸುವ ಕ್ರಮಗಳೂ ಪ್ರಚಾರಕ್ಕೆ ಬಂದುವು.

ನ್ಯಾಯಾಲಯಗಳೂ ಶಾಸನಗಳೂ ಈ ವಿದ್ಯೆಯನ್ನು ಏಕಪ್ರಕಾರವಾಗಿ ಕಂಡಿಲ್ಲ. ಪ್ಲೇಸ್ಟೇಷನ್ನಿನ ರಕ್ಷಣೆಯು ತಮ್ಮ ಅಂದಿನ ಕಾಯಿದೆಯ ಅರ್ಥದಲ್ಲಿ ತಾಂತ್ರಿಕ ರಕ್ಷಣೋಪಾಯವೇ ಅಲ್ಲವೆಂದು ಆಸ್ಟ್ರೇಲಿಯದ ಹೈಕೋರ್ಟು 2005ರಲ್ಲಿ ತೀರ್ಪಿತ್ತಿತು. ಎಕ್ಸ್‌ಬಾಕ್ಸ್ 360ರ ಡ್ರೈವುಗಳನ್ನು ತಿದ್ದಿಕೊಟ್ಟನೆಂದು ಕ್ಯಾಲಿಫೋರ್ನಿಯದ ವಿದ್ಯಾರ್ಥಿಯೊಬ್ಬನ ಮೇಲೆ ಹೂಡಿದ ಕ್ರಿಮಿನಲ್ ಮೊಕದ್ದಮೆಯನ್ನು, 2010ರ ಡಿಸೆಂಬರಿನಲ್ಲಿ ವಿಚಾರಣೆ ಆರಂಭವಾದ ಕೆಲವೇ ದಿನಗಳಲ್ಲಿ ಸರಕಾರವೇ ಹಿಂದೆಗೆಯಿತು. ನಮ್ಮ ದೇಶದಲ್ಲಿ 2012ರ ತಿದ್ದುಪಡಿಯಿಂದ ಕೃತಿಸ್ವಾಮ್ಯ ಕಾಯಿದೆಗೆ ಸೇರಿದ 65ಎ ವಿಧಿಯು, ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ಇಂಥ ರಕ್ಷಣೆಯನ್ನು ಭೇದಿಸುವವನಿಗೆ ಎರಡು ವರ್ಷಗಳವರೆಗೆ ಸೆರೆವಾಸವನ್ನು ವಿಧಿಸುತ್ತದೆಯಾದರೂ, ನ್ಯಾಯವಾಗಿ ಪಡೆದ ಪ್ರತಿಯ ಮೇಲೆ ನಡೆಸುವ ಗೂಢಲಿಪಿ ಸಂಶೋಧನೆಯನ್ನು ಅಪರಾಧದಿಂದ ಹೊರಗಿಟ್ಟಿದೆ. ಉದ್ದೇಶವನ್ನು ಕೇಳುವ ಈ ವಿಧಿ, ಉದ್ದೇಶವನ್ನು ಕೇಳದೆ ಕೃತ್ಯವನ್ನು ನಿಷೇಧಿಸಿ ಆಮೇಲೆ ಮೂರು ವರ್ಷಕ್ಕೊಮ್ಮೆ ವಿನಾಯಿತಿಗಳನ್ನು ಹಂಚುವ ಅಮೆರಿಕದ ಶಾಸನಕ್ಕಿಂತ ಹೆಚ್ಚು ವಿವೇಕವುಳ್ಳದ್ದೆಂದು ನನಗೆ ತೋರುತ್ತದೆ.

ಆ ವಿನಾಯಿತಿಗಳಲ್ಲಿ ಒಂದಂತೂ ನಮ್ಮ ಪ್ರಸ್ತುತ ವಿಷಯಕ್ಕೆ ನೇರವಾಗಿ ಸಂಬಂಧಪಟ್ಟುದು. 2021ರ ಅಕ್ಟೋಬರಿನಲ್ಲಿ ಅಮೆರಿಕದ ಕೃತಿಸ್ವಾಮ್ಯಾಧಿಕಾರಿಗಳು ಗೇಮ್ ಕನ್ಸೋಲುಗಳ ರಿಪೇರಿಗೆ ರಕ್ಷಣೋಪಾಯವನ್ನು ದಾಟುವ ಅನುಮತಿಯನ್ನು ಕೊಟ್ಟಾಗ, ಕನ್ಸೋಲಿನ ಇತರ ಭಾಗಗಳನ್ನೆಲ್ಲ ಬಿಟ್ಟು ಡಿಸ್ಕ್ ಡ್ರೈವೊಂದಕ್ಕೆ ಮಾತ್ರ ಅದನ್ನು ಸೀಮಿತಗೊಳಿಸಿದರು. ರಿಪೇರಿ ಮುಗಿದ ಕೂಡಲೇ ರಕ್ಷಣೆಯನ್ನು ಮೊದಲಿನಂತೆ ಪುನಃಸ್ಥಾಪಿಸಬೇಕೆಂಬ ಷರತ್ತನ್ನೂ ವಿಧಿಸಿದರು. ಕೀಲಿಕೈಯನ್ನು ಹಳೆಯ ಡ್ರೈವಿನಿಂದ ಹೊಸದಕ್ಕೆ ಸಾಗಿಸುವ ಕೆಲಸ ಅದರ ಸ್ವಭಾವದಿಂದಲೇ ಈ ಷರತ್ತನ್ನು ಪಾಲಿಸುತ್ತದೆ. ಬಾಗಿಲುಗಳೆಲ್ಲ ಮುಚ್ಚಿಯೇ ಇದ್ದು, ಅವುಗಳ ಹಿಂದೆ ಒಂದು ಹೊಸ ಲೇಸರು ಮಾತ್ರ ಬಂದಿರುತ್ತದೆ.

ಇನ್ನು ಸ್ಯಾಟರ್ನ್. ಜೇಮ್ಸ್ ಲೇರ್ಡ್-ವಾ ಎಂಬ ಎಂಜಿನಿಯರು, ಆ ಕನ್ಸೋಲಿನ ಹಿಂಬದಿಯಲ್ಲಿ ವಿಡಿಯೋ ಸಿ.ಡಿ. ಕಾರ್ಡಿಗೆಂದು ಬಿಟ್ಟಿದ್ದ ತೆರಪಿನ ಮೂಲಕ ಎಸ್‌ಎಚ್-1 ಪ್ರೊಸೆಸರಿಗೆ ಹೊರಗಿನ ಪ್ರೋಗ್ರಾಮನ್ನು ಊಡಬಹುದೆಂದು ಗುರುತಿಸಿ, ಅದರ ಒಡಲಿನಲ್ಲಿ ಅಚ್ಚಾಗಿದ್ದ ಪ್ರೋಗ್ರಾಮನ್ನು ಓದಿ, ವರ್ಷಗಟ್ಟಲೆಯ ಆ ಪರಿಶ್ರಮದ ವಿವರವನ್ನು 2016ರಲ್ಲಿ ಬಹಿರಂಗಪಡಿಸಿದರು. ಇದರ ಹಿಂದಿನ ಪ್ರೇರಣೆ ನಕಲಿ ಡಿಸ್ಕುಗಳಲ್ಲ. ಹಳೆಯ ಸ್ಯಾಟರ್ನುಗಳ ಲೇಸರುಗಳು ಒಂದೊಂದಾಗಿ ಕಣ್ಣುಮುಚ್ಚುತ್ತಿದ್ದುವು. ಹೊಸ ಬಿಡಿಭಾಗಗಳನ್ನು ತಯಾರಿಸುವವರು ಯಾರೂ ಉಳಿದಿರಲಿಲ್ಲ. ಡ್ರೈವಿಲ್ಲದೆ ಆಟಗಳನ್ನು ನಡೆಸುವ ದಾರಿ ಸಿಗದೆಹೋದರೆ ಆ ಯಂತ್ರವೇ ನಿರುಪಯುಕ್ತವಾಗುವಂತಿತ್ತು. ಮಾಡ್ ಚಿಪ್ಪಿನ ಯುಗದಲ್ಲಿ ಹುಟ್ಟಿದ ವಿದ್ಯೆ ವಸ್ತುಸಂಗ್ರಹಾಲಯದ ವಿದ್ಯೆಯಾಗಿ ಮಾರ್ಪಟ್ಟುದಕ್ಕೆ ಇದಕ್ಕಿಂತ ನಿಚ್ಚಳವಾದ ನಿದರ್ಶನ ಬೇರಿಲ್ಲ. ಪ್ಲೇಸ್ಟೇಷನ್ 3ರ ಡಿಸ್ಕುಗಳ ಕೀಲಿಕೈಗಳನ್ನು ಒಂದೊಂದಾಗಿ ಸಂಗ್ರಹಿಸಿಡುತ್ತಿರುವವರೂ ಇದೇ ಸಂಪ್ರದಾಯದವರು. ಕೀಲಿಕೈಯಿಲ್ಲದೆ ಉಳಿದ ಡಿಸ್ಕಿನ ಪ್ರತಿ ಯಾವ ಎಮ್ಯುಲೇಟರಿಗೂ ಅರ್ಥವಾಗದ ಅಂಕಿಗಳ ರಾಶಿ ಮಾತ್ರ.

ಈಚಿನ ಯಂತ್ರಗಳಲ್ಲಿ ಬೆಸುಗೆ ಇನ್ನೂ ಬಿಗಿಯಾಗಿದೆ. ಎಕ್ಸ್‌ಬಾಕ್ಸ್ ಒನ್ನಿನ ಡ್ರೈವು ಕೆಟ್ಟರೆ ಅದರ ಮೂಲ ಬೋರ್ಡನ್ನು ಬಿಚ್ಚಿ ಹೊಸ ಡ್ರೈವಿನ ಅಡಿಗೆ ಜೋಡಿಸುವುದೇ ರಿಪೇರಿಯವರಿಗೆ ಉಳಿದ ಮಾರ್ಗ. ಆ ಬೋರ್ಡೇ ಸುಟ್ಟಿದ್ದರೆ ಅದೂ ಇಲ್ಲ. 2023ರ ನವೆಂಬರಿನಲ್ಲಿ ಸೋನಿ ಹೊರತಂದ ಪ್ಲೇಸ್ಟೇಷನ್ 5ರ ಹೊಸ ಮಾದರಿಯಲ್ಲಿ ಡ್ರೈವನ್ನು ಬೇಕೆಂದಾಗ ಕೈಯಿಂದಲೇ ತೆಗೆದು ಹಾಕಬಹುದು, ಬೇರೆಯಾಗಿ ಕೊಂಡು ತಂದು ಸೇರಿಸಬಹುದು. ಈ ದೃಷ್ಟಿಯಿಂದ ಅದು ಮೂವತ್ತು ವರ್ಷಗಳಲ್ಲಿಯೇ ಅತ್ಯಂತ ಸುಲಭವಾಗಿ ಬದಲಾಯಿಸಬಹುದಾದ ಡ್ರೈವು. ಆದರೆ ಸಿಕ್ಕಿಸಿದ ಮೇಲೆ ಅದು ಒಂದು ಡಿಸ್ಕನ್ನಾದರೂ ಓದಬೇಕಾದರೆ, ಕನ್ಸೋಲು ಮೊದಲಿಗೆ ಅಂತರ್ಜಾಲದ ಮೂಲಕ ಸೋನಿಯ ಸರ್ವರನ್ನು ಸಂಪರ್ಕಿಸಿ ಈ ಜೋಡಣೆಗೆ ಒಪ್ಪಿಗೆ ಪಡೆಯಬೇಕು. ಎಕ್ಸ್‌ಬಾಕ್ಸ್ 360ರ ರಿಪೇರಿಯವನು ಎರಡು ಡ್ರೈವುಗಳನ್ನೂ ಒಂದು ಕೇಬಲ್ಲನ್ನೂ ಮುಂದಿಟ್ಟುಕೊಂಡು ಮೇಜಿನ ಮೇಲೆಯೇ ಮುಗಿಸುತ್ತಿದ್ದ ಕೆಲಸಕ್ಕೆ ಈಗ ಕಂಪನಿಯ ಸರ್ವರು ಎಚ್ಚರವಾಗಿರುವುದು ಅವಶ್ಯ. ಆ ಸರ್ವರನ್ನು ಇನ್ನೆಷ್ಟು ವರ್ಷ ನಡೆಸುವರೆಂಬ ಲಿಖಿತ ಭರವಸೆಯು ಡ್ರೈವಿನ ಪೆಟ್ಟಿಗೆಯ ಮೇಲಿಲ್ಲ.